ಎಡಸಾಲಿನ ಪ್ರತಿನಿಧಿ

ಸರಿರಾತ್ರಿಯಲ್ಲಿ ಸ್ಲೇಟಿನ ಮೇಲೆ ಬಳಪ ಕಿರ್ರೆಂದಿತು. ಸಾತವ್ವ ಬಳಪವನ್ನು ತಟ್ಟನೆ ಎತ್ತಿ, ಉಸಿರು ಹಿಡಿದು ಗಂಡನ ಕಡೆ ನೋಡಿದಳು. ಗೋಡೆಗೆ ಮುಖ ಮಾಡಿ ಮಲಗಿದ್ದ ಪರಸಪ್ಪ ಅಲುಗಾಡಲಿಲ್ಲ. ಚಿಮಣಿಯ ಬತ್ತಿಯನ್ನು ಇನ್ನಷ್ಟು ಇಳಿಸಿ, ಬಳಪದ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಅರ್ಧಕ್ಕೆ ನಿಂತಿದ್ದ ಸುತ್ತನ್ನು ಆಕೆ ಪೂರ್ತಿ ಮಾಡಿದಳು. ಬಳಪ ಮತ್ತೆ ಕಿರ್ರೆಂದಿತು.

"ಇಲಿ ಬಂದೈತೇನು?" ಎಂದ ಪರಸಪ್ಪ, ಗೋಡೆಯನ್ನೇ ಕೇಳಿದಂತೆ.

"ಇಲಿ ಅಲ್ಲ, ನಾನು."

"ಇಷ್ಟೊತ್ತಿನ್ಯಾಗ ಏನ್ ಮಾಡಾಕತ್ತಿ?"

"ಸರಕಾರ ಮಾಡಾಕತ್ತೇನಿ."

ಪರಸಪ್ಪ ಮಗ್ಗುಲು ಬದಲಿಸಿ ಮೊಣಕೈ ಮೇಲೆದ್ದ. "ಇದ್ದದ್ದು ಸಾಕಾಗಿಲ್ಲೇನು ನಿನಗ?" ಎಂದು ಗೊಣಗುತ್ತಲೇ ಸ್ಲೇಟನ್ನು ದೀಪದ ಹತ್ತಿರ ಎಳೆದುಕೊಂಡ. ಕೆಳಗೆ ಮೂರು ಸಣ್ಣ ಸುತ್ತುಗಳಿದ್ದವು. ಅವುಗಳ ಮೇಲೆ ಒಂದು ದೊಡ್ಡದು, ಅದರ ಮೇಲೆ ಇನ್ನೊಂದು, ಹೀಗೆ ಏಣಿಯ ಹಾಗೆ ಏರಿಕೊಂಡು ಹೋಗಿದ್ದವು. ಕೆಳಗಿನ ಮೂರು, ಹತ್ತಿಯಿಂದ ಬೀಜ ಬಿಡಿಸುವ ತಾಳಿಕೋಟೆಯ ಜಿನ್ನಿನಲ್ಲಿದ್ದ ಯಂತ್ರಗಳ ಎಡಸಾಲು, ಬಲಸಾಲು ಮತ್ತು ಅಂಗಳ. ಮೇಲಿನದು ಇಡೀ ಜಿನ್ನು. ಅದರ ಮೇಲೆ ಊರು, ಮುದ್ದೇಬಿಹಾಳ, ಬಿಜಾಪುರ, ಬೆಂಗಳೂರು. ದಿಲ್ಲಿಗೆ ಸ್ಲೇಟಿನಲ್ಲಿ ಜಾಗ ಉಳಿದಿರಲಿಲ್ಲ. ಕಟ್ಟಿಗೆಯ ಚೌಕಟ್ಟಿನ ಮೇಲೇ ಅದನ್ನು ಬರೆದಿದ್ದಳು.

ಪರಸಪ್ಪನೂ ಅದೇ ಜಿನ್ನಿನಲ್ಲಿ ದುಡಿಯುತ್ತಿದ್ದ, ಅರಳೆಯನ್ನು ಒತ್ತಿ ಗಂಟು ಕಟ್ಟುವ ಪ್ರೆಸ್ಸಿನಲ್ಲಿ. ಸುತ್ತುಗಳನ್ನು ಒಂದೊಂದಾಗಿ ನೋಡಿ, "ಪ್ರೆಸ್ಸಿನವರ ಸುತ್ತು ಎಲ್ಲೈತಿ?" ಎಂದ.

"ನೀವು ಓದಾಕ ಬರಂಗಿಲ್ಲಲ್ಲ. ಬಂದವರದಷ್ಟ ಬರದೇನಿ."

"ಗಂಡಸರ ಇಲ್ಲದ ಸರಕಾರ!"

"ಹೆಂಗಸರ ಇಲ್ಲದ್ದು ಇಷ್ಟ ದಿನ ನಡೀಲಿಲ್ಲೇನು?"

"ದಿಲ್ಲ್ಯಾಗ ಕುಂತಾಕಿ ಯಾರು ಮತ್ತ?"

"ಅಕಿನ್ನ ನಾವು ಹಿಂದಕ್ಕ ಕರೀಬೌದೇನು?"

ಪರಸಪ್ಪ ಒಮ್ಮೆ ಬಾಗಿಲ ಕಡೆ, ಒಮ್ಮೆ ಕಿಟಕಿಯ ಕಡೆ ನೋಡಿದ. "ದನಿ ಇಳಸ, ಮಾರಾಯಳ" ಎಂದವನೇ ಊದಿ ದೀಪ ಆರಿಸಿಬಿಟ್ಟ.

ದೇಶದಲ್ಲಿ ತುರ್ತು ಪರಿಸ್ಥಿತಿ ಬಂದ ಮೇಲಿನ ಮೊದಲ ಹತ್ತಿ ಸುಗ್ಗಿ ಅದು. ಜಿನ್ನಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ "ಮಾತು ಕಡಿಮೆ, ದುಡಿಮೆ ಹೆಚ್ಚು" ಎಂದು ಬರೆಸಿದ್ದರು. ಅದನ್ನು ಅಕ್ಷರ ಕೂಡಿಸಿ ಓದಿದ ಮೊದಲ ದಿನ ಸಾತವ್ವ, "ನಮಗ ಬಾಯಿ ಮುಚ್ಚ ಅಂತೈತಿ, ತಾನರ ಹಗಲೂ ರಾತ್ರಿ ಒದರಾಕತ್ತೈತಿ" ಎಂದು ಗೋಡೆಯನ್ನೇ ಬಯ್ದಿದ್ದಳು.

ಓದು ಕಲಿಸಿದವಳು ಮುಮ್ತಾಜ. ದರ್ಜಿ ಫಕ್ರುದ್ದೀನನ ಮಗಳು. ಬಿಜಾಪುರದಲ್ಲಿ ಬಿ.ಎ. ಮುಗಿಸಿ ಬಂದಿದ್ದಳು. ಸಂಜೆ ಅಪ್ಪನ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಜಿನ್ನಿನ ಹೆಂಗಸರಿಗೆ ಅಕ್ಷರ ಹೇಳಿಕೊಡುತ್ತಿದ್ದಳು. ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವಳಾದರೂ ಹೆಂಗಸರು ಆಕೆಯನ್ನು ಅಕ್ಕೋರೆಂದೇ ಕರೆಯುತ್ತಿದ್ದರು. ಸದಾ ಬಾಗಿಲ ಕಡೆ ಒಂದು ಕಣ್ಣಿಟ್ಟೇ ಪಾಠ ಹೇಳುವವಳು. ರಸ್ತೆಯಲ್ಲಿ ಸೈಕಲ್ಲು ನಿಂತ ಸದ್ದಾದರೂ ಮಾತು ನಿಲ್ಲಿಸಿ, ಅದು ಮುಂದೆ ಹೋದ ಮೇಲೆ ಬಿಟ್ಟಲ್ಲಿಂದ ಹಿಡಿಯುತ್ತಿದ್ದಳು.

ದೀಪ ಆರಿಸಿದ ಆ ರಾತ್ರಿಗಿಂತ ಎಷ್ಟೋ ದಿನ ಮೊದಲು, ಒಂದು ಸಂಜೆ ಸ್ಲೇಟಿನ ಮೇಲೆ 'ಸರಕಾರ' ಎಂಬ ಪದ ಬಂದಿತ್ತು. ಬರೆದು ಮುಗಿಸಿದ ಸಾತವ್ವ, "ಅಕ್ಕೋರ, ಇದನ್ನ ಮಾಡವರ್ಯಾರ್ರಿ?" ಎಂದು ಕೇಳಿದಳು. ಮುಮ್ತಾಜ ಓಟಿನ ಬಗ್ಗೆ ಹೇಳಿದಳು. ಓಟು ಹಾಕಿದ ಮೇಲೆ ಆರಿಸಿಹೋದವನ ಮುಖ ಮತ್ತೆ ನೋಡಿದ್ದು ಯಾರಿಗೂ ನೆನಪಿರಲಿಲ್ಲ. "ಎಲ್ಲಾ ದೇಶದಾಗ ಹಿಂಗ ಏನ್ರಿ?" ಎಂದು ಸಾತವ್ವ ಮತ್ತೆ ಕೆಣಕಿದಾಗ, ಮುಮ್ತಾಜ ಎದ್ದು ಕಿಟಕಿ ಮುಚ್ಚಿ ಬಂದು ಕುಳಿತಳು.

"ಇದು ನಾ ಪರೀಕ್ಷಾಕ್ಕ ಓದಿದ್ದು. ಪಾಠ ಅಷ್ಟ. ಹೊರಗ ಹೋಗಿ ಅಕ್ಕೋರು ಹೇಳಿದ್ರು ಅನಬ್ಯಾಡ್ರಿ" ಎಂದು ಮೊದಲೇ ಬೇಲಿ ಹಾಕಿಕೊಂಡು ಯುಗೋಸ್ಲಾವಿಯಾ ಎಂಬ ದೇಶದ ಕಥೆ ಹೇಳಿದಳು. ಅಲ್ಲಿ ಗಿರಣಿಗೆ ಸಾವಕಾರನಿಲ್ಲ. ಕೆಲಸ ಮಾಡುವವರು ತಮ್ಮೊಳಗೆ ಕೆಲವರನ್ನು ಆರಿಸಿ ಒಂದು ಮಂಡಳಿ ಮಾಡುತ್ತಾರೆ. ಮ್ಯಾನೇಜರನನ್ನು ಇಡುವುದೂ ಬಿಡುವುದೂ ಆ ಮಂಡಳಿಯ ಕೈಯಲ್ಲಿ. ಗಿರಣಿಯವರು ಊರಿನ ಸಭೆಗೆ ಒಬ್ಬರನ್ನು ಕಳಿಸುತ್ತಾರೆ. ಹೊಲದವರು, ಆಸ್ಪತ್ರೆಯವರು, ಶಾಲೆಯವರು, ಓಣಿಯವರೂ ಕಳಿಸುತ್ತಾರೆ. ಊರಿನವರು ಪ್ರಾಂತದ ಸಭೆಗೆ ಕಳಿಸುತ್ತಾರೆ, ದೇಶದ ಸಭೆಗೂ ಕೆಳಗಿನಿಂದಲೇ ಜನ ಹೋಗುತ್ತಾರೆ. ಹೋದವರು ತಮ್ಮ ಕೆಲಸ ಬಿಡುವ ಹಾಗಿಲ್ಲ. ಸಭೆ ಮುಗಿದ ಮೇಲೆ ಬಂದು ಮತ್ತೆ ಯಂತ್ರದ ಮುಂದೆ ನಿಲ್ಲಬೇಕು. ಮೇಲೆ ಏನು ನಡೆಯಿತೆಂದು ಕಳಿಸಿದವರಿಗೆ ಹೇಳಬೇಕು. ಸರಿಬೀಳದಿದ್ದರೆ ಕಳಿಸಿದವರೇ ಅವರನ್ನು ಹಿಂದಕ್ಕೆ ಕರೆಯಬಹುದು.

"ಮತ್ತ ಎಲ್ಲಾರಕಿಂತ ಮ್ಯಾಲ?" ಎಂದಳು ಸಾತವ್ವ.

ಮುಮ್ತಾಜ ದನಿ ಇಳಿಸಿದಳು. "ಮ್ಯಾಲ ಒಬ್ಬ ಮುದುಕ ಅದಾನ. ಸಾಯೂತನ ಅಂವನ ಅಧ್ಯಕ್ಷ ಅಂತ ಬರದ ಬಿಟ್ಟಾರ. ಪಕ್ಷಾನೂ ಒಂದ."

"ಅವನ್ನ ಹಿಂದಕ್ಕ ಕರೀಬೌದೇನ್ರಿ?"

"ಇಲ್ಲ."

"ಹಂಗಾದ್ರ ಏಣಿ ಚೊಲೋ ಐತಿ, ತುದಿಗೆ ಒಬ್ಬ ಹತ್ತಿ ಕುಂತ ಬಿಟ್ಟಾನ" ಎಂದಳು ಪಕ್ಕದಲ್ಲಿದ್ದ ಶೇವಂತೆವ್ವ. ಎಲ್ಲರೂ ಗೊಳ್ಳೆಂದು ನಕ್ಕರು. ಮುಮ್ತಾಜ ಮಾತ್ರ ಬಾಗಿಲ ಕಡೆ ನೋಡಿದಳು.

ಸಾತವ್ವನ ತಲೆಯಲ್ಲಿ ಆ ಏಣಿ ಉಳಿದುಬಿಟ್ಟಿತು. ದಿಲ್ಲಿ, ಬೆಂಗಳೂರು ದೂರದ ಮಾತು. ಜಿನ್ನಿನ ಗೇಟು ಕಣ್ಣ ಮುಂದೆಯೇ ಇತ್ತು. ದಿನಾ ಬೆಳಗಾದರೆ ಬೇಕಾದದ್ದಕ್ಕಿಂತ ಹೆಚ್ಚು ಹೆಂಗಸರು ಅಲ್ಲಿ ಸೇರುತ್ತಿದ್ದರು. ಕೂಲಿಯವರ ಮೇಲ್ವಿಚಾರಕ, ಮುಕಾದಮ ಮಲ್ಲಣ್ಣ ಕೊಡೆ ಹಿಡಿದು ಬರುತ್ತಿದ್ದ. ಬಿಸಿಲಿರಲಿ ಇಲ್ಲದಿರಲಿ, ಕೊಡೆ ಮಡಚಿದ್ದೇ ಇರುತ್ತಿತ್ತು. ಅದರ ತುದಿಯಿಂದ ತೋರಿಸುತ್ತ "ನೀ, ನೀ, ನೀ ಬ್ಯಾಡ, ಹಿಂದಿನಾಕಿ ಬಾ" ಎಂದು ಆರಿಸುತ್ತಿದ್ದ. ಆರಿಸಿಕೊಂಡವರಿಗೆ ಅವತ್ತಿನ ಕೂಲಿ. ಉಳಿದವರು ಮನೆಗೆ. ಅವನ ಚೇಷ್ಟೆಗೆ ನಕ್ಕವರ ಕಡೆ ಕೊಡೆ ಬೇಗ ತಿರುಗುತ್ತಿತ್ತು. ನಗದವರು ಮೂರು ನಾಲ್ಕು ದಿನ ಖಾಲಿ ಕೈಯಲ್ಲಿ ಹೋಗಬೇಕಾಗುತ್ತಿತ್ತು. ಸಾತವ್ವನಿಗೆ ನಗು ಸುಲಭವಾಗಿ ಬರುತ್ತಿರಲಿಲ್ಲ.

"ಯಾರ್ ಒಳಗ ಹೋಗಬೇಕು ಅನ್ನೂದನ್ನ ಆ ದೇಶದಾಗ ಯಾರ್ ಹೇಳ್ತಾರ್ರಿ?" ಎಂದು ಮರುದಿನ ಕೇಳಿದಳು.

"ಪುಸ್ತಕದಾಗ ಗೇಟಿನ ಸುದ್ದಿ ಇಲ್ಲ, ಸಾತಕ್ಕ. ಅವರ ಮಂಡಳಿನ ಹೇಳತಿರಬೇಕು."

"ಹಂಗಾದ್ರ ನಾವೂ ಹೇಳೂಣು."

ಹೇಳುವುದೇನೋ ಸರಿ. ಕೂಡಿ ಮಾತಾಡುವುದೆಲ್ಲಿ? ನಾಲ್ಕು ಜನ ಒಟ್ಟಿಗೆ ನಿಂತರೆ ಪೊಲೀಸರು ಯಾಕೆ ನಿಂತಿರಿ ಎಂದು ಕೇಳುವ ದಿನಗಳು. ಆದರೆ ಜಿನ್ನಿನ ಹೆಂಗಸರಿಗೆ ಒಂದು ವಿದ್ಯೆ ಮೊದಲಿನಿಂದಲೂ ಗೊತ್ತಿತ್ತು. ರೋಲರುಗಳ ಆರ್ಭಟದಲ್ಲಿ ಪಕ್ಕದವಳ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸದು. ಅದಕ್ಕೇ ಅವರು ವರ್ಷಗಳಿಂದ ಕೈಯಲ್ಲೇ ಮಾತಾಡುತ್ತಿದ್ದರು. ಕೂಸಿಗೆ ಹಸಿವಾಗಿದೆ, ನೀರು ತಾ, ಮುಕಾದಮ ಬಂದ, ಅತ್ತೆಯ ಜೊತೆ ಜಗಳಾಯಿತು, ಎಲ್ಲಕ್ಕೂ ಸನ್ನೆ ಇತ್ತು. ಸಭೆಯನ್ನೂ ಅದರಲ್ಲೇ ಮಾಡಿದರಾಯಿತೆಂದಳು ಸಾತವ್ವ. ಎಲ್ಲರ ಕೈಗಳು ಕೆಲಸದಲ್ಲಿರುತ್ತವೆ, ಮುಕಾದಮನ ಕಣ್ಣ ಮುಂದೆಯೇ ಸಭೆ ನಡೆಯುತ್ತದೆ.

ಮೂಗು ಮುಟ್ಟಿದರೆ ಹೌದು, ಸೆರಗು ಕೊಡವಿದರೆ ಇಲ್ಲ ಎಂದು ಮುಮ್ತಾಜಳ ಪಡಸಾಲೆಯಲ್ಲಿ ಗೊತ್ತುಮಾಡಿದರು. ಸೂಚಿಸಿದವಳು ಮುಮ್ತಾಜಳೇ. ಆಕೆ ಜಿನ್ನಿನೊಳಗೆ ಕಾಲಿಟ್ಟವಳಲ್ಲ. ಅದರಲ್ಲಿದ್ದ ತೊಡಕು ಹೆಂಗಸರಿಗೂ ಹೊಳೆಯಲಿಲ್ಲ. ಎಡಸಾಲಿನ ಪರವಾಗಿ ಮಾತಾಡಲು ಸಾತವ್ವನನ್ನು ಕಳಿಸಬೇಕೋ ಬೇಡವೋ ಎಂದು ಮರುದಿನ ಕೇಳಿದರೆ, ಸಾಲಿಗೆ ಸಾಲೇ ಸೆರಗು ಕೊಡವುತ್ತಿತ್ತು. ಜಿನ್ನಿನಲ್ಲಿ ಮಂಜಿನ ಹಾಗೆ ಅರಳೆ ಹಾರುತ್ತದೆ, ಗಳಿಗೆಗೊಮ್ಮೆ ಸೆರಗು ಕೊಡವದಿದ್ದರೆ ಉಸಿರು ಕಟ್ಟುತ್ತದೆ. ಸಾತವ್ವನ ಮುಖ ಸಣ್ಣದಾಯಿತು. ಅಷ್ಟರಲ್ಲಿ ಸಾಲಿನ ನಡುವೆ ಬಂದ ಮಲ್ಲಣ್ಣ ಹೆಗಲ ಮೇಲಿನ ಅರಳೆಯನ್ನು ಪಟಪಟನೆ ಕೊಡವಿಕೊಂಡ. ಶೇವಂತೆವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮುಕಾದಮನೂ ನಿನ್ನ ಬ್ಯಾಡ ಅಂದ, ನೋಡ" ಎಂದಳು ನೀರು ಕುಡಿಯಲು ಹೊರಗೆ ಬಂದಾಗ.

"ಅಂವಗ ಓಟ ಕೊಟ್ಟವರ್ಯಾರು?"

ಅವತ್ತೇ ಸನ್ನೆ ಬದಲಾಯಿತು. ಮೂಗು ಮುಟ್ಟಿದರೆ ಹೌದು, ಕಿವಿ ಮುಟ್ಟಿದರೆ ಇಲ್ಲ. ಎಡಸಾಲಿನಿಂದ ಸಾತವ್ವ, ಬಲಸಾಲಿನಿಂದ ಶಮಶಾದಬಿ, ಅಂಗಳದಲ್ಲಿ ಹತ್ತಿಯೊಳಗಿನ ಎಲೆ ಕಡ್ಡಿ ಆರಿಸುವವರಿಂದ ರಮಜಾನಬಿ ಎಂದಾಯಿತು. ರಮಜಾನಬಿ ಅವರಲ್ಲಿ ಹಿರಿಯಳು. ಒಂದು ಕಾಲಕ್ಕೆ ಎಡಸಾಲಿನಲ್ಲಿ ಯಂತ್ರ ನಡೆಸಿದವಳು. ಅರಳೆಯ ಧೂಳಿಗೆ ಎದೆ ಕೆಟ್ಟ ಮೇಲೆ ಅಂಗಳಕ್ಕೆ ಬಂದಿದ್ದಳು. ಪ್ರತಿನಿಧಿ ಎಂಬ ಪದ ಯಾರ ಬಾಯಿಗೂ ಹೊಂದಲಿಲ್ಲ. 'ಕಳಿಸಿದಾಕಿ' ಎಂದು ಕರೆದುಕೊಂಡರು. ಕಾಯ್ದೆಗಳನ್ನು ಡೋಣಿ ಹೊಳೆಯ ಬಟ್ಟೆ ಒಗೆಯುವ ಬಂಡೆಗಳ ಮೇಲೆ ಕುಳಿತು ಮಾಡಿದರು. ಕಳಿಸಿದಾಕಿ ಕೆಲಸ ಬಿಡಬಾರದು. ಮೇಲೆ ಕೇಳಿದ ಮಾತನ್ನು ಕೆಳಗೆ ಒಂದಕ್ಷರ ಬಿಡದೆ ಹೇಳಬೇಕು. ಸಾಲಿನವರು ಬೇಡವೆಂದರೆ ಅದೇ ಗಳಿಗೆಗೆ ಹಿಂದೆ ಸರಿಯಬೇಕು. ಎರಡನೆಯದನ್ನು ಹಟ ಹಿಡಿದು ಸೇರಿಸಿದವಳು ಸಾತವ್ವನೇ. "ಮ್ಯಾಲಿನವರು ಹಾಳಾಗೂದ ಅಲ್ಲಿ, ನಮಗ ಹೇಳಲಾರದ್ದ ಒಂದ ಇಟ್ಟಗೊಂಡ ಮ್ಯಾಲ" ಎಂದಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಗೇಟಿನ ಮುಂದೆ ಮಲ್ಲಣ್ಣನ ಕೊಡೆ ಮೇಲೆದ್ದಿತು. ತುದಿ ಶಮಶಾದಬಿಯ ಕಡೆ ತಿರುಗಿತು. ಆಕೆ ಕದಲಲಿಲ್ಲ.

"ಏ, ನಿನಗ ಹೇಳಿದ್ದು!"

"ನಂದು ನಾಳೆ ಐತ್ರಿ. ಇವತ್ತು ಅಕೀದು" ಎಂದು ಹಿಂದಿದ್ದವಳನ್ನು ಮುಂದಕ್ಕೆ ಬಿಟ್ಟಳು. ಹಿಂದಿನ ದಿನ ಮನೆಗೆ ಹೋದವರು ಇವತ್ತು ಮೊದಲು. ಅಷ್ಟೇ ಲೆಕ್ಕ. ಮಲ್ಲಣ್ಣ ಕೊಡೆಯನ್ನು ಇನ್ನೊಬ್ಬಳ ಕಡೆ ತಿರುಗಿಸಿದ. ಅವಳೂ ನಿಂತಲ್ಲೇ ನಿಂತಳು.

"ಇದೇನ ಹೊಸಾ ನಾಟಕ? ಇಲ್ಲಿ ಆರಸಾವ ನಾನು."

"ಇನ್ನ ಮ್ಯಾಲ ನೀವು ದಣೀಬ್ಯಾಡ್ರಿ, ಮುಕಾದಮ್ರ" ಎಂದಳು ಸಾತವ್ವ. "ನಾವ ಆರಿಸಿಕೊಂಡ ಬಂದೇವಿ. ರೇಡಿಯೋದಾಗ ಹೇಳಾಕತ್ತಾರಲ್ರಿ, ಕಾರಖಾನಿ ನಡಸೂದ್ರಾಗ ದುಡಿಯವರದೂ ಪಾಲ ಐತಿ ಅಂತ. ಸರಕಾರದ ಮಾತ ಸುಳ್ಳ ಅಂತೀರೇನು?"

ಸುಳ್ಳೆನ್ನುವ ಧೈರ್ಯ ಆ ವರ್ಷ ಮಲ್ಲಣ್ಣನಿಗೂ ಇರಲಿಲ್ಲ. ಗೇಟು ಮುಚ್ಚಿಸಿದ. ಹೆಂಗಸರು ಗೋಡೆಯ ನೆರಳಿನಲ್ಲಿ ಕುಳಿತು ರೊಟ್ಟಿ ಬಿಚ್ಚಿದರು. ಸುತ್ತಲಿನ ಹಳ್ಳಿಗಳಿಂದ ಬಂದ ಹತ್ತಿ ಬಂಡಿಗಳು ರಸ್ತೆಯುದ್ದಕ್ಕೂ ನಿಂತವು. ಎತ್ತಿಗೆ ನೀರಿಲ್ಲ, ಇಳಿಸಿಕೊಳ್ಳುತ್ತೀರೋ ಬೇರೆ ಜಿನ್ನಿಗೆ ಹೋಗೋಣವೋ ಎಂದು ರೈತರು ಕೂಗಾಡತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಜಿನ್ನಿನ ಸಾವಕಾರನೇ ಒಳಗಿನಿಂದ ಯಾರಿಗೋ ಬಯ್ದದ್ದು ಕೇಳಿಸಿತು. ಗೇಟು ತೆರೆಯಿತು. ಪಾಳಿಯಲ್ಲಿದ್ದವರು ಪಾಳಿಯ ಪ್ರಕಾರ ಒಳಗೆ ಹೋದರು. ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದ ಪರಸಪ್ಪ ಹೆಂಡತಿಯನ್ನು ನೋಡಿ, ಯಾರೂ ಕಾಣದಂತೆ ಮೂಗು ಮುಟ್ಟಿದ.

ಸುದ್ದಿ ಹರಡಿತು. ಬಾಗೇವಾಡಿಯ ಜಿನ್ನಿನವಳೊಬ್ಬಳು ತವರಿಗೆ ಬಂದವಳು ಹೊಳೆಗೆ ಬಂದು ಸನ್ನೆಗಳನ್ನು ಕಲಿತು ಹೋದಳು. ಮುದ್ದೇಬಿಹಾಳದಿಂದಲೂ ಕೇಳಿಕಳಿಸಿದರು. ಸಾತವ್ವ ಆ ಸರಿರಾತ್ರಿ ಸ್ಲೇಟು ತೆಗೆದು ಸುತ್ತು ಬರೆದದ್ದು ಈ ಹುಮ್ಮಸ್ಸಿನಲ್ಲೇ. ಇಷ್ಟು ವರ್ಷ ಆಕೆಯನ್ನು ಯಾರೂ ಯಾವುದಕ್ಕೂ ಆರಿಸಿರಲಿಲ್ಲ. ಈಗ ಸಾಲಿನ ನಡುವೆ ನಡೆದರೆ ಕೈಗಳೆಲ್ಲ ಅವಳ ಕಡೆ ತಿರುಗಿ ಏನಾದರೂ ಕೇಳುತ್ತಿದ್ದವು, ಹೇಳುತ್ತಿದ್ದವು. ಅದಿಲ್ಲದೆ ಹಿಂದೆ ಹೇಗೆ ದಿನ ಕಳೆದೆ ಎಂದು ಅವಳಿಗೇ ಸೋಜಿಗವಾಗುತ್ತಿತ್ತು.

ಆಮೇಲೊಂದು ದಿನ ಹೊಳೆಯ ದಂಡೆಗೆ ಪೊಲೀಸಿನವನು ಬಂದ. ಹೆಂಗಸರು ಬರುವ ಮೊದಲೇ ಬಂದು, ಅವರು ಕುಳಿತುಕೊಳ್ಳುವ ಬಂಡೆಯ ಮೇಲೇ ಕುಳಿತಿದ್ದ. ಹೆಂಗಸರು ಬಟ್ಟೆ ಒಗೆದರು, ಒಗೆದದ್ದನ್ನೇ ಮತ್ತೆ ಒಗೆದರು. ಕೊನೆಗೆ ಶೇವಂತೆವ್ವ, "ಸಾಹೇಬ್ರ, ಸುಮ್ನ ಕುಂತೀರಿ, ಅಂಗಿ ಕಳದ ಕೊಡ್ರಿ, ಒಗದ ಕೊಡ್ತೇವಿ" ಎಂದಳು. ಅವನು ಎದ್ದು ಹೋದ. ಆದರೆ ಮರುದಿನವೂ ಬಂದ. ಹೊಳೆಯ ಜಾಗ ಕೈತಪ್ಪಿತು. ಯಾರು ಹೇಳಿರಬಹುದು ಎಂಬ ಪ್ರಶ್ನೆ ಎಲ್ಲರ ಕಣ್ಣಲ್ಲಿತ್ತು, ಕೈಯಲ್ಲಿ ಯಾರೂ ಕೇಳಲಿಲ್ಲ.

ಮೂರನೆಯ ದಿನ ಮಲ್ಲಣ್ಣ ಸಾತವ್ವನನ್ನು ಆಫೀಸಿಗೆ ಕರೆಸಿದ. ಒಬ್ಬಳೇ ಹೋಗುವಂತಿಲ್ಲವೆಂದು ಶಮಶಾದಬಿಯೂ ಬಂದು ಗಾಜಿನ ಕಿಟಕಿಯ ಹೊರಗೆ ನಿಂತಳು. ಅಲ್ಲಿಂದ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ.

"ಕುಂದ್ರ" ಎಂದ ಮಲ್ಲಣ್ಣ.

"ನಿಂತ ರೂಢಿ ಐತ್ರಿ."

"ಸಾವಕಾರ್ರು ಪಾಳಿಗೆ ಒಪ್ಯಾರ. ಸುಗ್ಗಿ ಮುಗಿಯೂತನ ನೀವ ಆರಿಸಿಕೋರಿ. ನೀ ಗೆದ್ದಿ."

"ನಾವು."

"ಆತಳ, ನೀವು." ಎಲೆಗೆ ಸುಣ್ಣ ಸವರುತ್ತ ಮಲ್ಲಣ್ಣ ತಲೆಯೆತ್ತದೆ ಕೇಳಿದ. "ಹೊಳಿ ಸುದ್ದಿ ಹ್ಯಾಂಗ ಹೊರಗ ಬಂತು ಅಂತ ಕೇಳಾಕ ಒಲ್ಲಿ?"

"ನೀವ ಪೊಲೀಸರಿಗೆ ಹೇಳೀರಿ. ಅದನ್ನೇನ ಕೇಳೂದು."

"ನನಗ ಹೇಳಿದವರ್ಯಾರು?" ಎಲೆಯನ್ನು ಮಡಚಿ ಬಾಯಿಗಿಟ್ಟುಕೊಂಡ. ಅವನಿಗೆ ಅವಸರವಿರಲಿಲ್ಲ. "ರಮಜಾನಬಿ. ಅಂಗಳದ ಬಿಸಲಾಗ ಕೆಮ್ಮಿ ಕೆಮ್ಮಿ ಬೀಳತಿದ್ದಳು. ಛಪ್ಪರದ ಕೆಳಗ ಕುಂದರಸ್ತೇನಿ ಅಂದ್ನಿ. ನೆಳ್ಳು ಪುಕ್ಕಟ ಸಿಗತೈತೇನು? ಎಲ್ಲಿ ಕೂಡ್ತೀರಿ, ಏನ್ ಮಾತಾಡ್ತೀರಿ, ಎಲ್ಲಾ ಹೇಳಿದಳು. ನಿಮ್ಮ ಕಾಯ್ದೇನೂ ಹೇಳಿದಳು. ಮ್ಯಾಲ ಕೇಳಿದ್ದನ್ನ ಕೆಳಗ ಒಂದಕ್ಷರ ಬಿಡದ ಹೇಳಬೇಕಂತಲ್ಲ? ಹೋಗು, ಹೇಳು. ನಾ ಏನ್ ತಡಿಯಾಕ ಬರಂಗಿಲ್ಲ."

ಗಾಜಿನ ಆಚೆ ಶಮಶಾದಬಿ ಹುಬ್ಬು ಹಾರಿಸಿದಳು, ಏನಂತೆ ಎಂದು. ಸಾತವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಗಟ್ಟಿಯಾಗಿ ಹಿಡಿದುಕೊಂಡಳು. ಬಿಟ್ಟರೆ ಕೈಗಳೇ ಹೇಳಿಬಿಡುತ್ತವೆ ಎನ್ನಿಸಿತು.

ಸುಳ್ಳಿರಲಾರದು. ಕಾಯ್ದೆಯ ಮಾತು ಮಲ್ಲಣ್ಣನಿಗೆ ಹೇಗೆ ಗೊತ್ತಾಗಬೇಕು? ರಮಜಾನಬಿ ಕೆಲವು ದಿನಗಳಿಂದ ಛಪ್ಪರದ ಕೆಳಗೆ ಕೂರುತ್ತಿದ್ದದ್ದನ್ನು ಸಾತವ್ವ ಕಂಡಿದ್ದಳು, ಮುಕಾದಮನಿಗೂ ಕರುಳಿದೆ ಎಂದುಕೊಂಡಿದ್ದಳು. ಹೋಗಿ ಆ ಮುದುಕಿಯ ಎರಡೂ ಭುಜ ಹಿಡಿದು ಅಲುಗಾಡಿಸಬೇಕೆನ್ನಿಸಿತು. ಹಾಗೆನ್ನಿಸಿದ ಗಳಿಗೆಯಲ್ಲೇ ಮಲ್ಲಣ್ಣನ ಮುಖ ನೋಡಿದಳು. ಅವನು ಎಲೆ ಜಗಿಯುವುದನ್ನು ನಿಲ್ಲಿಸಿ, ಇವಳ ಮುಖದ ಮೇಲೆ ಏನು ಬರುತ್ತದೆ ಎಂದು ಕಾಯುತ್ತಿದ್ದ.

ಇವನು ಕಾಯುತ್ತಿರುವುದು ಇದಕ್ಕೇ. ಹೇಳಿದರೆ ಎಡಸಾಲಿನವರು ಅಂಗಳಕ್ಕೆ ನುಗ್ಗುತ್ತಾರೆ. ಅಂಗಳದವರು ಬಹುತೇಕ ರಮಜಾನಬಿಯ ಓಣಿಯವರು, ಮುದುಕಿಯ ಮೇಲೆ ಕೈಮಾಡಿದರೆ ಸುಮ್ಮನಿರುವವರಲ್ಲ. ನಾಳೆ ಗೇಟಿನ ಮುಂದೆ ಎರಡು ಗುಂಪು. ಒಂದು ಗುಂಪು ಪಾಳಿ ಎನ್ನುತ್ತದೆ, ಇನ್ನೊಂದು ನಿಮ್ಮ ಪಾಳಿ ನಮಗೆ ಬೇಡ ಎನ್ನುತ್ತದೆ. ನಡುವೆ ಕೊಡೆ ಮತ್ತೆ ಮೇಲೇಳುತ್ತದೆ. ಆ ಕೊಡೆ ಅವನ ಹಿಂದಿನ ಮೊಳೆಗೆ ತೂಗುಬಿದ್ದಿತ್ತು. ಸಾತವ್ವನಿಗೆ ಇನ್ನೊಂದೂ ನೆನಪಿಗೆ ಬಂತು. ತಾನು ಮೊದಲ ಮಗುವಿಗೆ ಹಾಲೂಡಿಸಲು ಹೊರಗೆ ಹೋದಾಗಲೆಲ್ಲ ಇಬ್ಬರ ಯಂತ್ರಕ್ಕೂ ಒಬ್ಬಳೇ ಹತ್ತಿ ಉಣಿಸಿದ್ದವಳು ರಮಜಾನಬಿ. ಎದೆ ಕೆಟ್ಟದ್ದು ಅಂಥ ದುಡಿಮೆಯಿಂದಲೇ.

"ಮುಗೀತೇನ್ರಿ?" ಎಂದಳು.

"ಮುಗೀತು."

"ಬರ್ತೇನಿ ಹಂಗಾದ್ರ."

ಎಡಸಾಲಿಗೆ ಬಂದು ತನ್ನ ಯಂತ್ರದ ಮುಂದೆ ನಿಂತು ಪಾಳಿ ಉಳಿಯಿತೆಂದು ಸನ್ನೆ ಮಾಡಿದಳು. ಸಾಲಿನುದ್ದಕ್ಕೂ ಬೆರಳುಗಳು ಮೂಗಿಗೆ ಹೋದವು. ಕೆಲವರು ಎರಡೆರಡು ಸಲ ಮುಟ್ಟಿಕೊಂಡರು. ನಗು ಕೇಳಿಸಲಿಲ್ಲ, ಹಲ್ಲುಗಳಷ್ಟೇ ಕಂಡವು. ಸಾತವ್ವ ಕಾದಳು. ಇನ್ನೊಂದು ಮಾತು ಬಾಕಿ ಇತ್ತು. ಆಫೀಸಿನಿಂದ ಯಂತ್ರದವರೆಗೆ ಬರುವಷ್ಟರಲ್ಲಿ ಅದನ್ನು ಗಟ್ಟಿಮಾಡಿಕೊಂಡಿದ್ದಳು. ಹೇಳಲಾರದ್ದನ್ನು ಇಟ್ಟುಕೊಂಡವಳು ಆ ಜಾಗದಲ್ಲಿ ಇರಬಾರದು. ಕಾಯ್ದೆ ಮಾಡಿಸಿದವಳು ತಾನೇ. ಹೇಳದೆಯೂ ಇದ್ದು, ಕಳಿಸಿದಾಕಿಯಾಗಿಯೂ ಇದ್ದರೆ, ಏಣಿಯ ತುದಿಗೆ ಹತ್ತಿ ಕುಳಿತ ಮುದುಕನಿಗೂ ತನಗೂ ಏನು ವ್ಯತ್ಯಾಸ?

ಬಾವಿಯಿಂದ ಹಗ್ಗ ಸೇದುವ ಹಾಗೆ ಕೈಯನ್ನು ತನ್ನ ಕಡೆ ಎಳೆದುಕೊಂಡಳು. ಹಿಂದಕ್ಕೆ ಕರೆಯಿರಿ ಎಂಬ ಸನ್ನೆ. ಯಾರನ್ನು ಎಂದು ಎಲ್ಲರೂ ಅತ್ತಿತ್ತ ನೋಡಿದರು. ಸಾತವ್ವ ತನ್ನ ಎದೆಯ ಮೇಲೆ ಬೆರಳಿಟ್ಟಳು.

ಎಲ್ಲರೂ ಕಿವಿ ಮುಟ್ಟಿದರು. ಮತ್ತೆ ಕೇಳಿದಳು. ಮತ್ತೆ ಕಿವಿ. ನೀರಿನ ಹೊತ್ತಿಗೆ ಶೇವಂತೆವ್ವ ಅವಳನ್ನು ತೊಟ್ಟಿಯ ಹತ್ತಿರ ಅಡ್ಡಗಟ್ಟಿದಳು.

"ಏನ ಹಿಡದೈತಿ ನಿನಗ? ಗೆದ್ದ ದಿನಾನ ಬಿಟ್ಟ ಹೋಗ್ತಿ?"

"ನನಗ ಸಾಕಾಗೇತಿ."

"ಸುಳ್ಳ. ಒಳಗ ಏನಂದ ಅಂವ?"

"ಪಾಳಿ ಉಳೀತು ಅಂದ. ಹೇಳಿದ್ನೆಲ್ಲ."

"ಅಷ್ಟಕ್ಕ ಅಷ್ಟೊತ್ತು ನಿಂತಿದ್ಯಾ? ಶಮಶಾದ ನೋಡ್ಯಾಳ. ಕೈ ಸೆರಗಿನ್ಯಾಗ ಮುಚಗೊಂಡ ನಿಂತಿದ್ದಿ ಅಂದಳು." ಶೇವಂತೆವ್ವ 'ಏನು ಕೊಟ್ಟ' ಎಂದು ಕೇಳಲು ಬಾಯಿ ತೆರೆದಳು. ಮಾತನ್ನು ಅರ್ಧಕ್ಕೇ ನುಂಗಿ, "ಅಂಜಿಸಿದ್ನಾ?" ಎಂದಳು.

ಸಾತವ್ವನಿಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು. ಊರಲ್ಲಿ ಯಾರೂ ತನಗೆ ಆ ಮಾತು ಅಂದಿರಲಿಲ್ಲ. "ಹೂಂ. ಅಂಜಿನಿ ಅಂತ ತಿಳಕೋ" ಎಂದಳು.

"ನೀನಾ?"

"ಯಾಕ, ನಾ ಅಂಜಬಾರದೇನು? ನೀ ಪೊಲೀಸನ ಅಂಗಿ ಕೇಳಿದಾಕಿ. ನೀ ಹೋಗು ಇನ್ನ."

ಮಧ್ಯಾಹ್ನ ಮೂರನೆಯ ಸಲ ಕೇಳಿದಾಗ ಸಾಲಿನ ಕೊನೆಯಲ್ಲಿ ಒಬ್ಬಳು ಮೂಗು ಮುಟ್ಟಿದಳು. ನಿಧಾನಕ್ಕೆ ಇನ್ನೊಬ್ಬಳು. ಶೇವಂತೆವ್ವ ಕೊನೆಗೆ ಮುಟ್ಟಿದಳು, ಸಾತವ್ವನ ಕಡೆ ನೋಡದೆ. ಎಡಸಾಲಿನ ಕಳಿಸಿದಾಕಿ ಶೇವಂತೆವ್ವಳಾದಳು. ಸಾತವ್ವ ಹತ್ತಿ ಉಣಿಸಿದಳು. ಪಕ್ಕದವಳು ಅವತ್ತು ಅವಳ ಕಡೆ ಒಂದು ಬೆರಳನ್ನೂ ಅಲುಗಿಸಲಿಲ್ಲ.

ಮರುದಿನ ಬೆಳಿಗ್ಗೆ ಮಲ್ಲಣ್ಣ ಎಂದಿಗಿಂತ ಬೇಗ ಗೇಟಿಗೆ ಬಂದಿದ್ದ. ಜಗಳ ನೋಡಲು ಬಂದವನ ಹಾಗೆ ಒಂದು ಕಾಲು ಕಲ್ಲಿನ ಮೇಲಿಟ್ಟು ನಿಂತಿದ್ದ. ಹೆಂಗಸರು ಬಂದರು. ಎಡಸಾಲಿನವರು, ಬಲಸಾಲಿನವರು, ಅಂಗಳದವರು, ಎಲ್ಲರೂ ಒಂದೇ ಸಾಲಾಗಿ ನಿಂತರು. ಶೇವಂತೆವ್ವ ಪಾಳಿ ಕೂಗಿದಳು. ಕೂಗಿಸಿಕೊಂಡವರು ಒಳಗೆ ನಡೆದರು. ರಮಜಾನಬಿಯ ಹೆಸರೂ ಬಂತು. ಆಕೆಯೂ ನಡೆದಳು.

ಮಲ್ಲಣ್ಣ ಕಾಲು ಕೆಳಗಿಳಿಸಿದ. ಸಾತವ್ವ ಹಾದುಹೋಗುವಾಗ ಕೆಳದನಿಯಲ್ಲಿ, "ಹೇಳಲಿಲ್ಲೇನು ನೀ?" ಎಂದ.

"ಏನ್ರಿ?"

"ನಿನ್ನೆ ಹೇಳಿದ್ದು."

"ನಿನ್ನೆ ಪಾಳಿ ಸುದ್ದಿ ಹೇಳಿದ್ರಿ. ಎಲ್ಲಾರಿಗೂ ಹೇಳೇನಿ."

"ನಾನ ಹೇಳತೇನಿ ಹಂಗಾದ್ರ."

"ಹೇಳ್ರಿ" ಎಂದಳು ಸಾತವ್ವ, ಈಗ ದನಿ ಇಳಿಸದೆ. "ಗೇಟಿನ ಮ್ಯಾಲ ಹತ್ತಿ ನಿಂತ ಹೇಳ್ರಿ, ಮುಕಾದಮ್ರ. ನಿಮ್ಮ ಮಾತ ಯಾರ್ ಖರೆ ಅಂತಾರ, ನಾನೂ ನೋಡ್ತೇನಿ."

ನಾಲ್ಕೈದು ಹೆಂಗಸರು ತಿರುಗಿ ನೋಡಿದರು. ಮಲ್ಲಣ್ಣ ಬಾಯಿ ತೆರೆದ. ಅಷ್ಟೂ ಮುಖಗಳು ತನ್ನನ್ನೇ ನೋಡುತ್ತಿದ್ದವು. ಯಾವೊಂದರಲ್ಲೂ ನಗುವಿರಲಿಲ್ಲ. ಅವನ ಬಾಯಿಂದ ಬಂದರೆ ಅದು ಮುಕಾದಮನ ಮಾತು, ಇವಳ ಬಾಯಿಂದ ಬಂದರೆ ಮಾತ್ರ ನಿಜ. ಅದು ಅವನಿಗೂ ಆಗಲೇ ಅರ್ಥವಾಗಿರಬೇಕು. ಎಲೆಯ ರಸವನ್ನು ಗೋಡೆಯ ಬುಡಕ್ಕೆ ಉಗುಳಿ ಒಳಗೆ ಹೋದ.

ಅಂಗಳ ದಾಟುವಾಗ ರಮಜಾನಬಿ ಛಪ್ಪರದ ಹೊರಗೆ, ಬಿಸಿಲಿನಲ್ಲಿ ಗೋಣಿಚೀಲ ಹಾಸಿ ಕುಳಿತಿದ್ದಳು. ಸಾತವ್ವನನ್ನು ಕಂಡು ಏಳಲು ಹೋದಳು. ಕೆಮ್ಮು ಬಂತು. "ಸಾತವ್ವಾ, ನಿಲ್ಲ ತಂಗಿ. ನಿನ್ನೆ ಆಫೀಸಿನ್ಯಾಗ ಅಂವ ನಿನಗ..."

"ನೆಳ್ಳಿಗೆ ಕುಂದ್ರ, ಯಮ್ಮಾ" ಎಂದಳು ಸಾತವ್ವ. "ಇನ್ನ ಮ್ಯಾಲ ಛಪ್ಪರ ಅಂಗಳದವರದಂತ ಶೇವಂತಿ ಕೇಳಿ ತಗೋತಾಳ. ಯಾರಿಗೂ ಏನೂ ಕೊಡೂದ ಬ್ಯಾಡ." ಗೋಣಿಚೀಲದ ತುದಿ ಹಿಡಿದು ಛಪ್ಪರದೊಳಕ್ಕೆ ತಾನೇ ಎಳೆದಿಟ್ಟು, ಮುದುಕಿ ಇನ್ನೊಂದು ಮಾತಾಡುವ ಮೊದಲೇ ನಡೆದುಬಿಟ್ಟಳು. ಕ್ಷಮಿಸಿದ್ದೇನೆಯೇ ಎಂದು ತನ್ನನ್ನೇ ಕೇಳಿಕೊಂಡಳು. ಇಲ್ಲ ಅನ್ನಿಸಿತು. ಕ್ಷಮೆಯ ಮಾತು ಬೇರೆ, ಅದಕ್ಕೆ ಸುಗ್ಗಿ ಮುಗಿಯಲಿ.

ಸಂಜೆ ಪಾಠ ಮುಗಿದು ಹೆಂಗಸರು ಚಪ್ಪಲಿ ಮೆಟ್ಟುವಾಗ ಮುಮ್ತಾಜ ಸಾತವ್ವನನ್ನು ಬಾಗಿಲಲ್ಲಿ ತಡೆದಳು. ರಸ್ತೆಯ ಎರಡೂ ಕಡೆ ನೋಡಿ, ಶಬ್ದಗಳನ್ನು ಒಂದೊಂದಾಗಿ ಆರಿಸಿಕೊಂಡು ಕೇಳಿದಳು.

"ಸಾತಕ್ಕ, ನೀವು ಅಂಜಿ ಬಿಟ್ರಿ ಅಂತ ಶೇವಂತಕ್ಕ ಅಂದಳು. ನಾನು ಅಂಜೂ ಪೈಕಿ, ಅಂಜಿದವರನ್ನ ನೋಡಿದ್ರ ನನಗ ಗೊತ್ತಾಗತೈತಿ. ನೀವು ಅಂಜಿಲ್ಲ. ಇನ್ನೇನರ ಐತೇನು?"

ಹಿಂದೆ ಶಮಶಾದಬಿ ನಿಂತಿದ್ದಳು, ಕಿವಿ ಇತ್ತಲೇ ಇತ್ತು. ರಸ್ತೆಯ ಆಚೆ ಪರಸಪ್ಪ ಬೀಡಿ ಸೇದುತ್ತ ಕಾಯುತ್ತಿದ್ದ. ದಾರಿಯಲ್ಲಿ ಅವನೂ ಇದನ್ನೇ ಕೇಳುವವನಿದ್ದ. ಊರಲ್ಲಿ ಇನ್ನು ತಿಂಗಳುಗಟ್ಟಲೆ ಸಾತವ್ವ ಅಂಜಿದಳಂತೆ ಎಂಬ ಮಾತು ಇರುತ್ತದೆ. ನೀರಿನ ತೊಟ್ಟಿಯ ಹತ್ತಿರ ಇರುತ್ತದೆ, ಹೊಳೆಯಲ್ಲಿ ಇರುತ್ತದೆ. ಒಂದೇ ಒಂದು ಮಾತಿನಿಂದ ಅದನ್ನು ಅಳಿಸಬಹುದಿತ್ತು. ಅದು ನಾಲಿಗೆಯ ತುದಿಗೇ ಬಂದು ನಿಂತಿತ್ತು.

"ಏನೂ ಇಲ್ರಿ, ಅಕ್ಕೋರ" ಎಂದಳು.

ಸೆರಗು ಹೊದ್ದು ರಸ್ತೆಗಿಳಿದಳು. ಶೇವಂತೆವ್ವನಿಗಾಗಲಿ, ಗಂಡನಿಗಾಗಲಿ, ಅಕ್ಷರ ಕಲಿಸಿದ ಈ ಹುಡುಗಿಗಾಗಲಿ, ಇವತ್ತಾಗಲಿ ಇನ್ನು ಹತ್ತು ವರ್ಷದ ಮೇಲಾಗಲಿ, ಆಫೀಸಿನಲ್ಲಿ ಕೇಳಿದ್ದನ್ನು ಯಾರಿಗೂ ಹೇಳಕೂಡದು ಎಂದು ನಿಶ್ಚಯಿಸಿದಳು.